ರೇಷ್ಮೆ ಮೊಟ್ಟೆ ತಯಾರಿಕೆ: ತಾಯಿ ಚಿಟ್ಟೆ ನನಗೆ ಕಲಿಸಿದ್ದು

ಬೆಳೆಗಾರರ ಮನೆಗೆ ಹೋಗುವ ರೇಷ್ಮೆ ಮೊಟ್ಟೆ ಹಾಳೆಗಳನ್ನು ಸಿದ್ಧಪಡಿಸುವುದು ನನ್ನ ಕಸುಬು. ನಮ್ಮ ಮೈಸೂರು ತಳಿಯ ಹೆಣ್ಣು ಚಿಟ್ಟೆಯನ್ನು ಸಿಎಸ್‌ಆರ್-2 ಎಂಬ ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆ ನಡೆಸುವ ತಳಿ) ಗಂಡಿನೊಂದಿಗೆ ಕೂಡಿಸಿ ಮಿಶ್ರತಳಿ ಮೊಟ್ಟೆ ಪಡೆಯುವ ಈ ಕೆಲಸದಲ್ಲಿ ನನಗೆ ದಿನದಿಂದ ದಿನಕ್ಕೆ ಖಚಿತವಾಗುತ್ತ ಬಂದಿರುವ ಸಂಗತಿಯೆಂದರೆ, ಬೆಳೆಯ ಹಣೆಬರಹದ ದೊಡ್ಡ ಪಾಲು ತಾಯಿ ಚಿಟ್ಟೆಯ ಒಡಲಿನಲ್ಲೇ ನಿರ್ಧಾರವಾಗಿರುತ್ತದೆ.

ಕುಣಿಗಲ್, ಮಾಗಡಿ ಭಾಗದ ರೈತರು ಬೆಳೆದ ಮೈಸೂರು ತಳಿಯ ಬಿತ್ತನೆ ಗೂಡು (ಮೊಟ್ಟೆ ಪಡೆಯಲೆಂದೇ ಬೆಳೆದ ಗೂಡು) ಬಂದೊಡನೆ ಮೊದಲ ಕೆಲಸ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು. ಗೂಡಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಒಳಗಿನ ಕೋಶವನ್ನು, ಎಂದರೆ ಚಿಟ್ಟೆಯಾಗಲಿರುವ ಜೀವಿಯನ್ನು, ಅಂಗೈ ಮೇಲೆ ಅಂಗಾತ ಇರಿಸಿಕೊಂಡು ಅದರ ಹಿಂತುದಿಯನ್ನು ನೋಡಬೇಕು. ಹೊಟ್ಟೆಯ ಎಂಟನೆಯ ಖಂಡದಲ್ಲಿ (ಉಂಗುರದಂತಹ ಭಾಗದಲ್ಲಿ) ಗುಣಾಕಾರ ಚಿಹ್ನೆಯಂತಹ ಸಣ್ಣ ಗೆರೆಯಿದ್ದರೆ ಹೆಣ್ಣು, ಒಂಬತ್ತನೆಯ ಖಂಡದಲ್ಲಿ ಒಂದು ಚುಕ್ಕೆ ಮಾತ್ರ ಇದ್ದರೆ ಗಂಡು. ಹೆಣ್ಣು ಕೋಶದ ಹೊಟ್ಟೆ ಅಗಲವಾಗಿದ್ದು ತೂಕವೂ ಹೆಚ್ಚಿರುತ್ತದೆ. ಇಲ್ಲಿ ಕೈ ತಪ್ಪಿದರೆ ಒಂದೇ ತಳಿಯ ಚಿಟ್ಟೆಗಳು ತಮ್ಮತಮ್ಮಲ್ಲೇ ಕೂಡಿಬಿಡುವುದರಿಂದ ಮಿಶ್ರತಳಿಯ ಶಕ್ತಿ ಬೆಳೆಗಾರರಿಗೆ ದಕ್ಕುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಕಣ್ಣು ಚುರುಕಾಗಿರುವ, ಅವಸರಪಡದ ಹೆಂಗಸರನ್ನೇ ನಾನು ಕೂರಿಸುತ್ತೇನೆ.

ಚಿಟ್ಟೆಗಳು ಹೊರಬರುವುದು ಬೆಳಕು ಹರಿಯುವ ಹೊತ್ತಿಗೆ. ರಾತ್ರಿಯಿಡೀ ಕತ್ತಲಾಗಿಸಿದ ಕೋಣೆಯಲ್ಲಿ ಮುಂಜಾನೆ ದೀಪ ಹಚ್ಚಿದರೆ ಬಹುಪಾಲು ಚಿಟ್ಟೆಗಳು ಒಟ್ಟಿಗೆ ಹೊರಬರುತ್ತವೆ. ಹೆಣ್ಣು ಕದಲದೆ ಕುಳಿತು ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚುತ್ತದೆ, ಅದರ ವಾಸನೆ ತಾಗಿದ ಗಂಡು ರೆಕ್ಕೆ ಬಡಿಯುತ್ತ ಸುತ್ತಲಾರಂಭಿಸುತ್ತದೆ. ಬಾಂಬಿಕಾಲ್ ಎಂಬ ಈ ರಾಸಾಯನಿಕವನ್ನು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರ ತಂಡ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಬೇರ್ಪಡಿಸಿ 1959ರಲ್ಲಿ ಗುರುತಿಸಿತು. ಮೂರರಿಂದ ನಾಲ್ಕು ಗಂಟೆ ಕೂಡಲು ಬಿಟ್ಟು, ಆಮೇಲೆ ಎಳೆಯದೆ ಮೆಲ್ಲನೆ ತಿರುಚಿ ಜೋಡಿಯನ್ನು ಬಿಡಿಸುತ್ತೇವೆ. ಗಂಡನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಸಲ ಬಳಸಬಹುದು. ಹೆಣ್ಣನ್ನು ಹಾಳೆಗೆ ಬಿಡುವ ಮೊದಲು ತಟ್ಟೆಯಲ್ಲಿ ಹಗುರವಾಗಿ ಅಲುಗಾಡಿಸಿ ಮೂತ್ರ ವಿಸರ್ಜಿಸುವಂತೆ ಮಾಡದಿದ್ದರೆ ಹಾಳೆಯೆಲ್ಲ ಕಲೆಯಾಗುತ್ತದೆ. ಬಾಯಿಗೆ ಏನನ್ನೂ ಮುಟ್ಟಿಸದ ಈ ಜೀವಿ ಹುಳುವಾಗಿದ್ದಾಗ ತಿಂದ ಹಿಪ್ಪುನೇರಳೆಯ ಬಲದಿಂದಲೇ ಕತ್ತಲಲ್ಲಿ ಕುಳಿತು ನಾನೂರರ ಆಸುಪಾಸು ಮೊಟ್ಟೆಗಳನ್ನಿಡುವುದನ್ನು ನೋಡಿದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ.

ಹೆಣ್ಣನ್ನು ಮೈಸೂರು ತಳಿಯಿಂದಲೇ ಏಕೆ ಆರಿಸುತ್ತೀರಿ ಎಂದು ಹೊಸ ಬೆಳೆಗಾರರು ಕೇಳುತ್ತಾರೆ. ಇಟ್ಟ ಮೊಟ್ಟೆ ನೇರವಾಗಿ ಒಡೆಯಬೇಕೆ ಅಥವಾ ನಿದ್ರೆಗೆ ಜಾರಬೇಕೆ ಎಂಬುದನ್ನು ತೀರ್ಮಾನಿಸುವುದು ತಾಯಿ, ತಂದೆಯಲ್ಲ. ದ್ವಿತಳಿಯ ತಾಯಿಯ ತಲೆಯ ಬಳಿಯ ಒಂದು ನರಗ್ರಂಥಿಯಿಂದ ಸ್ರವಿಸುವ ಹಾರ್ಮೋನು, ಅಂಡಾಶಯದಲ್ಲಿ ಬೆಳೆಯುತ್ತಿರುವ ಮೊಟ್ಟೆಗೆ ಸೇರಿ ಭ್ರೂಣದ ಬೆಳವಣಿಗೆಯನ್ನು ತಡೆಯುತ್ತದೆ. ಆ ಹಾರ್ಮೋನು ಸ್ರವಿಸಬೇಕೆ ಬೇಡವೆ ಎಂಬುದಾದರೂ ಆ ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಅನುಭವಿಸಿದ ಶಾಖ ಮತ್ತು ಬೆಳಕನ್ನು ಅವಲಂಬಿಸಿರುತ್ತದೆ. ಆದ್ದರಿಂದ ದ್ವಿತಳಿ ಹೆಣ್ಣಿನ ಮೊಟ್ಟೆಗಳು ಒಂದೆರಡು ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗಿ ಮಲಗಿಬಿಡುತ್ತವೆ. ಅವು ಹಾಗೆ ಮಲಗದಂತೆ ಮಾಡಲು ಇಟ್ಟ ಇಪ್ಪತ್ತು ಗಂಟೆಯ ಹೊತ್ತಿಗೆ 46 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಬೇಕಾಗುತ್ತದೆ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನೇ ಕೂಡಿಸಿದರೂ ಮೊಟ್ಟೆ ಹಳದಿಯಾಗಿಯೇ ಉಳಿದು ಹತ್ತು ಹನ್ನೊಂದು ದಿನಗಳಲ್ಲಿ ತಾನಾಗಿ ಒಡೆಯುತ್ತದೆ. ಹುಟ್ಟುವ ಮರಿ ಗಂಡೋ ಹೆಣ್ಣೋ ಎಂಬುದೂ ತಾಯಿಯ ಮೊಟ್ಟೆಯಿಂದಲೇ ನಿರ್ಧಾರವಾಗುತ್ತದೆ, ಏಕೆಂದರೆ ರೇಷ್ಮೆ ಹುಳುವಿನಲ್ಲಿ ಎರಡು ಬಗೆಯ ಲಿಂಗ ವರ್ಣತಂತುಗಳಿರುವುದು ಹೆಣ್ಣಿನಲ್ಲಿ.

ತಾಯಿ ದಾಟಿಸುವುದು ಒಳ್ಳೆಯದನ್ನು ಮಾತ್ರವಲ್ಲ. ರೇಷ್ಮೆ ಹುಳುವಿಗೆ ಬರುವ ಗಂಟುರೋಗದ (ಪೆಬ್ರಿನ್) ಸೂಕ್ಷ್ಮಾಣು ಅಂಡಾಶಯದ ಮೂಲಕ ಮೊಟ್ಟೆಯೊಳಕ್ಕೇ ಸೇರಿಕೊಳ್ಳುವುದರಿಂದ ಮೊಟ್ಟೆಯ ಮೇಲ್ಮೈಯನ್ನು ಎಷ್ಟು ತೊಳೆದರೂ ಅದು ಹೋಗದು. 1865ರಲ್ಲಿ ಫ್ರಾನ್ಸಿನ ಆಲೆಸ್ ಪಟ್ಟಣಕ್ಕೆ ಹೋಗಿ ಈ ರೋಗದ ಅಧ್ಯಯನ ಆರಂಭಿಸಿದ ಲೂಯಿ ಪಾಸ್ಚರ್ ರೂಪಿಸಿದ ಮಾರ್ಗವನ್ನೇ ನಾನು ಇಂದಿಗೂ ಅನುಸರಿಸುತ್ತೇನೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಹೊಳೆಯುವ ಅಂಡಾಕಾರದ ಬೀಜಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಡಬೇಕು. ಎಷ್ಟೇ ಬೇಡಿಕೆಯಿದ್ದರೂ ಈ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ರೋಗಿಷ್ಠ ತಾಯಿಯ ಮರಿಗಳು ಇಡೀ ತಟ್ಟೆಯ ಹುಳುಗಳಿಗೆ ಸೊಪ್ಪಿನ ಮೂಲಕ ಸೋಂಕು ಹರಡಬಲ್ಲವು.

ಪರೀಕ್ಷೆಯಲ್ಲಿ ಗೆದ್ದ ಹಾಳೆಗಳನ್ನು ಫಾರ್ಮಾಲಿನ್‌ನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, 25 ಡಿಗ್ರಿ ಶಾಖ ಮತ್ತು ಶೇಕಡಾ 80ರಷ್ಟು ತೇವಾಂಶದಲ್ಲಿ ಇಡುತ್ತೇವೆ. ಒಡೆಯುವುದಕ್ಕೆ ಎರಡು ದಿನ ಮೊದಲು ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡುತ್ತದೆ. ಅದು ಮರಿಯ ತಲೆ. ಮರುದಿನ ದೇಹವೆಲ್ಲ ಬಣ್ಣಗೂಡಿ ಮೊಟ್ಟೆ ನೀಲಿಯಾಗುತ್ತದೆ. ಚುಕ್ಕೆ ಕಂಡ ಕೂಡಲೇ ಹಾಳೆಯನ್ನು ಕಪ್ಪು ಬಟ್ಟೆಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟರೆ, ಮುಂದಾದ ಮರಿಗಳು ತಡೆದು ಹಿಂದುಳಿದವು ಅವನ್ನು ಸೇರಿಕೊಳ್ಳುತ್ತವೆ. ಮೂರನೆಯ ದಿನ ಬೆಳಿಗ್ಗೆ ಬೆಳಕಿಗೆ ತೆರೆದಾಗ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಒಂದೇ ದಿನ ಚಾಕಿ ಕಟ್ಟಿದ (ಹಾಳೆಯಿಂದ ಸೊಪ್ಪಿಗೆ ಇಳಿಸಿದ) ಹುಳುಗಳು ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ಎಂದರೆ ಪೊರೆ ಬಿಡಲು ಮೇವು ನಿಲ್ಲಿಸುತ್ತವೆ, ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತವೆ. ಆಗ ಬೆಳೆಗಾರರ ಕೆಲಸ ಅರ್ಧಕ್ಕರ್ಧ ಹಗುರಾಗುತ್ತದೆ.

ಚಾಕಿ ಕಟ್ಟಿದ ಮೇಲೆ ಖಾಲಿ ಹಾಳೆಯನ್ನು ಎಸೆಯಬಾರದೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಳದಿಯಾಗಿಯೇ ಉಳಿದು ಚಪ್ಪಟೆಯಾದ ಮೊಟ್ಟೆಗಳು ಫಲಿತವಾಗದವು. ಅವು ಹೆಚ್ಚಿದ್ದರೆ ಚಿಟ್ಟೆ ಕೂಡಿಸುವಾಗಿನ ಲೋಪ, ಅದರ ಹೊಣೆ ನಮ್ಮದು. ನೀಲಿಯಾದ ಮೇಲೆ ಒಡೆಯದೆ ಸತ್ತವು ಹೆಚ್ಚಿದ್ದರೆ ಸಾಗಣೆಯಲ್ಲೋ ಮನೆಯಲ್ಲೋ ಶಾಖ ಅಥವಾ ತೇವಾಂಶ ಏರುಪೇರಾಗಿದೆಯೆಂದು ತಿಳಿಯಬೇಕು. ಹಾಳೆಯ ಮೇಲಿನ ತಂಡದ ಸಂಖ್ಯೆ ಓದುವಂತಿದ್ದರೆ, ಅದರ ತಾಯಿ ಚಿಟ್ಟೆಗಳು ಯಾವ ರೈತನ ಬಿತ್ತನೆ ಗೂಡಿನಿಂದ ಬಂದವು ಎಂಬುದನ್ನು ನಮ್ಮ ದಾಖಲೆಯಲ್ಲಿ ಹುಡುಕಿ, ಮುಂದಿನ ಸಲ ಅಲ್ಲಿಂದ ಗೂಡು ತರಿಸಬೇಕೆ ಬೇಡವೆ ಎಂದು ತೀರ್ಮಾನಿಸುತ್ತೇವೆ.