ಬಣ್ಣ ಹೋದ ಮೇಲೂ ನೀರಿನಲ್ಲಿ ಉಳಿಯುವುದು

ನೂಲಿಗೆ ಬಣ್ಣ ಹಾಕಿ ಉಳಿದ ನೀರನ್ನು ಬಿಸಿಲಿನಲ್ಲೇ ತಿಳಿಗೊಳಿಸಬಹುದು. ಟೈಟಾನಿಯಂ ಡೈಆಕ್ಸೈಡ್‌ನ ಒಂದು ಚಿಟಿಕೆ ಬಿಳಿ ಪುಡಿ, ಒಂದು ಬೀಕರ್, ಮಾರ್ಚ್ ತಿಂಗಳ ಬಿಸಿಲು ಇದ್ದರೆ ಸಾಕು. ತೆಳುವಾಗಿಸಿದ ಕಪ್ಪು ನೀರು ನಸುನೀಲಿಗೆ ತಿರುಗಿ, ಆಮೇಲೆ ಬಣ್ಣವೇ ಇಲ್ಲದಂತಾಗುತ್ತದೆ. ಇದನ್ನು ಮಾಡಿ ತೋರಿಸುವುದು ಸುಲಭ. ಆ ನೀರನ್ನು ಹೊಲಕ್ಕೋ ಹಳ್ಳಕ್ಕೋ ಬಿಡಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ನನ್ನ ಕೆಲಸದ ಹೆಚ್ಚಿನ ಪಾಲು ಈ ಪ್ರಶ್ನೆಯ ಬೆನ್ನು ಹತ್ತಿಯೇ ಹೋಗಿದೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಯೋಗಕ್ಕೆ ಬೇಕಾದ ನೀರನ್ನು ಇಳಕಲ್ ಕಡೆಯ ಸಣ್ಣ ಬಣ್ಣದ ಮನೆಗಳಿಂದ ಕ್ಯಾನಿನಲ್ಲಿ ತುಂಬಿಸಿಕೊಂಡು ಬರುತ್ತೇನೆ. ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಅದರ ಒಂದಿಷ್ಟು ಪಾಲು ನೂಲಿಗೆ ಹತ್ತದೆ ನೀರಿನಲ್ಲೇ ಉಳಿಯುತ್ತದೆ. ಜೊತೆಗೆ ಧಾರಾಳವಾಗಿ ಸುರಿದ ಉಪ್ಪು ಮತ್ತು ಸೋಡಾ ಪುಡಿಯೂ ಇರುತ್ತವೆ.

ಟೈಟಾನಿಯಂ ಡೈಆಕ್ಸೈಡ್‌ನ ಅನಾಟೇಸ್ ಹರಳಿನ ಮೇಲೆ ಸುಮಾರು 388 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು ಬಿದ್ದರೆ ಎಲೆಕ್ಟ್ರಾನ್ ಒಂದು ಮೇಲಕ್ಕೆ ಜಿಗಿದು, ಅದಿದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗವು ನೀರಿನಿಂದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. ಎದುರಿಗೆ ಸಿಕ್ಕ ಸಾವಯವ ಅಣುಗಳನ್ನೆಲ್ಲ ಅದು ಕಡಿದು ಹಾಕುತ್ತದೆ. 1972ರಲ್ಲಿ ಜಪಾನಿನ ಫುಜಿಷಿಮಾ ಮತ್ತು ಹೋಂಡಾ ಇದೇ ವಸ್ತುವಿನ ಮೇಲೆ ಬೆಳಕು ಹಾಯಿಸಿ ನೀರನ್ನೇ ಒಡೆದು ತೋರಿಸಿದರು. ತೊಡಕೆಂದರೆ, ಬಿಸಿಲಿನ ಶಕ್ತಿಯಲ್ಲಿ ಈ ಅತಿನೇರಳೆ ಭಾಗ ಶೇ. 4ರಿಂದ 5ರಷ್ಟು ಮಾತ್ರ.

ಪುಡಿಯನ್ನು ನಾನೇ ಮಾಡಿಕೊಳ್ಳುವುದು ದಹನ ವಿಧಾನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಕಿಂಗ್ಸ್ಲಿ 1988ರಲ್ಲಿ ಪ್ರಕಟಿಸಿದ ದಾರಿ ಇದು. ಮುಂದೆ ಅದೇ ಸಂಸ್ಥೆಯ ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ಟೈಟಾನಿಯಂ ಡೈಆಕ್ಸೈಡನ್ನೂ ಹೀಗೇ ತಯಾರಿಸಿ ಬಣ್ಣಗಳನ್ನು ಒಡೆಯಲು ಬಳಸಿತು. ಟೈಟಾನಿಲ್ ನೈಟ್ರೇಟ್ ಮತ್ತು ಗ್ಲೈಸಿನ್ ಕರಗಿಸಿದ ದ್ರಾವಣವನ್ನು ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ 350 ಡಿಗ್ರಿಯ ಕುಲುಮೆಯೊಳಗೆ ಇಡಬೇಕು. ನೀರು ಕುದಿದು ಇಂಗುತ್ತದೆ, ನೊರೆ ಏಳುತ್ತದೆ, ಇದ್ದಕ್ಕಿದ್ದಂತೆ ಒಂದು ಮೂಲೆಯಿಂದ ಕಿಡಿ ಹೊತ್ತಿಕೊಂಡು ಇಡೀ ಪಾತ್ರೆಗೆ ಹರಿಯುತ್ತದೆ. ಕ್ಷಣಾರ್ಧದಲ್ಲಿ ಉಬ್ಬಿದ ಹಗುರ ಪುಡಿ ಕೈಗೆ ಸಿಗುತ್ತದೆ. ನಸು ಹಳದಿ ಛಾಯೆಯ ಈ ಪುಡಿ ಕಣ್ಣಿಗೆ ಕಾಣುವ ಬೆಳಕಿನ ಒಂದಿಷ್ಟನ್ನೂ ಹೀರಬಲ್ಲದು. ನೈಟ್ರೇಟ್‌ನಿಂದ ಕಂದು ಹೊಗೆ ಏಳುವ ಸಾಧ್ಯತೆ ಇರುವುದರಿಂದ, ಹೊಗೆ ಎಳೆಯುವ ಗೂಡಿಲ್ಲದ ಕಡೆ ಯಾರೂ ಇದಕ್ಕೆ ಕೈ ಹಾಕಬಾರದು.

ಹೊಸ ಪುಡಿಯನ್ನು ಪರೀಕ್ಷಿಸಲು ಬಹುತೇಕರು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಗೆದುಕೊಳ್ಳುತ್ತಾರೆ. ನಾನು ಅದನ್ನು ಕೈಬಿಟ್ಟಿದ್ದೇನೆ. ಅದು ತಾನೇ ಬೆಳಕನ್ನು ಹೀರಿ ಪುಡಿಗೆ ಎಲೆಕ್ಟ್ರಾನ್ ದಾಟಿಸಬಲ್ಲದು. ಹೀಗಾಗಿ ಕೆಲಸ ಮಾಡಿದ್ದು ಪುಡಿಯೋ ಬಣ್ಣವೋ ಎಂಬುದು ತಿಳಿಯುವುದಿಲ್ಲ. ಮೇಲಾಗಿ ನಮ್ಮ ಬಣ್ಣದ ಮನೆಗಳಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ನಾನು ರಿಯಾಕ್ಟಿವ್ ಬ್ಲ್ಯಾಕ್ 5 ಎಂಬ ಕಪ್ಪು ಬಣ್ಣವನ್ನು ಬಳಸುತ್ತೇನೆ. ಪುಡಿ ಬೆರೆಸಿದ ನೀರನ್ನು ಮೊದಲು ಅರ್ಧ ಗಂಟೆ ಕತ್ತಲೆಯಲ್ಲಿ ಕಲಕುತ್ತೇನೆ. ಪುಡಿಯ ಮೈಗೆ ಅಂಟಿಕೊಂಡು ಮಾಯವಾಗುವ ಬಣ್ಣವನ್ನು ಬೆಳಕಿನ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಪುಡಿಯಿಲ್ಲದೆ ಬರೀ ಬಿಸಿಲಿಗಿಟ್ಟ ಇನ್ನೊಂದು ಬೀಕರ್ ಪಕ್ಕದಲ್ಲೇ ಇರಬೇಕು.

ನಿಜವಾದ ಬಣ್ಣದ ನೀರಿಗೆ ಇಳಿದಾಗ ಆಟವೇ ಬೇರೆ. ಸೋಡಾದಿಂದಾಗಿ ಅದರ ಪಿಎಚ್ 10 ದಾಟಿರುತ್ತದೆ. ಆ ಕ್ಷಾರದಲ್ಲಿ ಪುಡಿಯ ಮೈಗೆ ಋಣ ಆವೇಶ ಬರುತ್ತದೆ. ಬಣ್ಣದ ಅಣುವಿಗೂ ಋಣ ಆವೇಶವೇ ಇರುವುದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಸಾಲದ್ದಕ್ಕೆ ಕಾರ್ಬೊನೇಟ್ ಅಯಾನುಗಳು ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ಬಣ್ಣ ತಲುಪುವ ಮೊದಲೇ ನುಂಗಿಬಿಡುತ್ತವೆ. ಹಾಗಾಗಿ ಪಿಎಚ್ 5ರ ಆಸುಪಾಸಿಗೆ ಬರುವವರೆಗೆ ಆಮ್ಲವನ್ನು ಹನಿಹನಿಯಾಗಿ ಸೇರಿಸುತ್ತೇನೆ. ನೀರು ಬುಸುಗುಟ್ಟಿ ಕಾರ್ಬೊನೇಟ್ ಗುಳ್ಳೆಗಳಾಗಿ ಹೊರಬೀಳುತ್ತದೆ, ಪುಡಿಯ ಮೈಗೆ ಧನ ಆವೇಶ ಬಂದು ಬಣ್ಣ ಹತ್ತಿರ ಸರಿಯುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳಲು ಆಮ್ಲಜನಕವೂ ಬೇಕು. ಮೀನಿನ ತೊಟ್ಟಿಯ ಸಣ್ಣ ಗಾಳಿ ಪಂಪ್ ಅದಕ್ಕೆ ಸಾಕು.

ಬಣ್ಣದ ನೀರು ಕೊಡುವ ಹಿರಿಯರೊಬ್ಬರು ಒಮ್ಮೆ ಪ್ರಯೋಗಾಲಯಕ್ಕೆ ಬಂದು ಬೀಕರ್ ನೋಡಿ, "ತಿಳಿಯಾಯಿತಲ್ಲ ಮೇಡಂ, ಇನ್ನೇನು ಬೇಕು?" ಎಂದು ಕೇಳಿದರು. ನೀರು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನ ಎರಡು ಗೆರೆಗಳನ್ನು, ಬಿಸಿಲಿಗಿಡುವ ಮೊದಲಿನದು ಮತ್ತು ಆಮೇಲಿನದನ್ನು, ಅವರಿಗೆ ತೋರಿಸಿದೆ. 597 ನ್ಯಾನೊಮೀಟರ್ ಬಳಿ ಇದ್ದ ಎತ್ತರದ ಗುಡ್ಡ ನೆಲಸಮವಾಗಿತ್ತು. ಆದರೆ 300ರ ಸುತ್ತಮುತ್ತಲಿನ ಗುಡ್ಡ ತಗ್ಗಿತ್ತೇ ಹೊರತು ಹೋಗಿರಲಿಲ್ಲ. ಬಣ್ಣ ಕೊಡುವ ಅಜೋ ಬಂಧ ಮೊದಲು ಮುರಿಯುತ್ತದೆ, ಬೆಂಜೀನ್ ಉಂಗುರದ ತುಂಡುಗಳು ಹಿಂದೆ ಉಳಿಯುತ್ತವೆ. ಅವುಗಳಿಗೆ ಬಣ್ಣವಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು. "ಹಾಗಾದರೆ ಇನ್ನಷ್ಟು ಹೊತ್ತು ಬಿಸಿಲಿಗಿಡಿ" ಎಂದರು ಅವರು. ಸರಿಯಾದ ಮಾತು. ಬಣ್ಣ ಹೋದ ಬಳಿಕವೂ ಬಹಳ ಹೊತ್ತು ಬೀಕರನ್ನು ಬಿಸಿಲಿನಿಂದ ತೆಗೆಯಬಾರದು.

ಎಷ್ಟು ಹೊತ್ತು ಎಂದು ಹೇಳಬೇಕಾದುದು ಸಿಒಡಿ. ನೀರಿನಲ್ಲಿರುವ ಸಾವಯವ ವಸ್ತುವನ್ನು ಪೂರ್ತಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆ ಅದು. ಬಣ್ಣದ ನೀರಿನಲ್ಲಿ ಈ ಅಳತೆ ಎರಡು ಕಡೆ ದಾರಿ ತಪ್ಪಿಸುತ್ತದೆ. ಉಪ್ಪಿನ ಕ್ಲೋರೈಡ್, ಈ ಅಳತೆಗೆ ಉತ್ಕರ್ಷಕವಾಗಿ ಹಾಕುವ ಡೈಕ್ರೋಮೇಟನ್ನು ತಿಂದು ಅಂಕಿಯನ್ನು ಏರಿಸುತ್ತದೆ. ಅದಕ್ಕೆ ನೀರನ್ನು ತೆಳುವಾಗಿಸಿ ಮರ್ಕ್ಯುರಿಕ್ ಸಲ್ಫೇಟ್ ಹಾಕಬೇಕು. ಪಾದರಸದ ಆ ತ್ಯಾಜ್ಯವನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡಬೇಕು. ಕೆಲಸ ಚುರುಕಾಗಲೆಂದು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ್ದರೆ, ಉಳಿದ ಪೆರಾಕ್ಸೈಡ್ ಕೂಡ ಸಿಒಡಿಯನ್ನು ಸುಳ್ಳಾಗಿ ಹೆಚ್ಚಿಸುತ್ತದೆ. ಅದನ್ನು ಮೊದಲು ಕಳೆಯದೆ ಅಳೆಯುವುದರಲ್ಲಿ ಅರ್ಥವಿಲ್ಲ.

ಕೊನೆಯ ಸಾಕ್ಷಿ ಹೆಸರುಕಾಳಿನದು. ಸಂಸ್ಕರಿಸಿದ ನೀರಿನಲ್ಲಿ ತೋಯಿಸಿದ ಕಾಗದದ ಮೇಲೆ ಕಾಳುಗಳನ್ನಿಟ್ಟು ಬೇರಿನ ಉದ್ದ ಅಳೆಯುತ್ತೇನೆ. ಇಲ್ಲಿ ಹೋಲಿಕೆಗೆ ಬರೀ ನಲ್ಲಿ ನೀರು ಸಾಲದು. ಅಷ್ಟೇ ಉಪ್ಪು ಬೆರೆಸಿದ ಶುದ್ಧ ನೀರಿನ ಇನ್ನೊಂದು ತಟ್ಟೆ ಬೇಕೇ ಬೇಕು. ಆಗ ಬೇರು ಮೊಟಕಾದದ್ದು ಬಣ್ಣದ ತುಂಡುಗಳಿಂದಲೋ ಉಪ್ಪಿನಿಂದಲೋ ಎಂದು ಬಿಡಿಸಿ ಹೇಳಬಹುದು. ಬೆಳಕಿನ ಈ ವಿಧಾನ ಉಪ್ಪಿನ ಒಂದು ಕಣವನ್ನೂ ತೆಗೆಯಲಾರದು. ಆಮ್ಲ ಹಾಕಿ ಮತ್ತೆ ಸುಣ್ಣದಿಂದ ತಟಸ್ಥ ಮಾಡಿದಾಗ ಕರಗಿದ ಲವಣ ಇನ್ನಷ್ಟು ಹೆಚ್ಚಬಹುದು. ಹೊಲಕ್ಕೆ ನೀರು ಬೇಕೆನ್ನುವವರಿಗೆ ಈ ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ವಿಧಾನವನ್ನು ಇಡೀ ಶುದ್ಧೀಕರಣ ಎಂದು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಸರು ಇಳಿಸಿ, ಸೂಕ್ಷ್ಮಜೀವಿಗಳಿಂದ ಆಗುವಷ್ಟನ್ನು ಮಾಡಿಸಿ, ಅವುಗಳಿಗೂ ಜಗ್ಗದೆ ಉಳಿದದ್ದಕ್ಕೆ ಬೆಳಕನ್ನು ಬಳಸಬೇಕು.

ಪುಡಿಯನ್ನು ನೀರಿನಲ್ಲಿ ತೇಲಿಬಿಟ್ಟರೆ ಅದನ್ನು ಮರಳಿ ಹಿಡಿಯುವುದೇ ದೊಡ್ಡ ಪಾಡು. ನ್ಯಾನೊ ಕಣಗಳನ್ನು ಹಳ್ಳಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಾಗಿ ಈಗ ಗಾಜಿನ ಹಲಗೆಗೆ ಪುಡಿ ಲೇಪಿಸಿ, 450 ಡಿಗ್ರಿಯಲ್ಲಿ ಸುಟ್ಟು ಅಂಟಿಸುತ್ತೇನೆ. ಹಲಗೆಯನ್ನು ಓರೆಯಾಗಿಟ್ಟು ಮೇಲಿನಿಂದ ನೀರನ್ನು ತೆಳುವಾಗಿ ಹರಿಸುತ್ತೇನೆ. ಇದಕ್ಕೆ ನನ್ನ ಪುಡಿಯ ಬದಲು ಮಾರುಕಟ್ಟೆಯಲ್ಲಿ ಪಿ-25 ಎಂಬ ಹೆಸರಿನಲ್ಲಿ ಸಿಗುವ ಟೈಟಾನಿಯಂ ಡೈಆಕ್ಸೈಡ್ ಹಿಡಿಸುತ್ತದೆ, ಏಕೆಂದರೆ ಅದರ ಗುಣ ಸಲದಿಂದ ಸಲಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಕಿಟಕಿಯ ಸಾಮಾನ್ಯ ಗಾಜು ಬೇಡ. ಸುಡುವಾಗ ಅದರ ಸೋಡಿಯಂ ಲೇಪಕ್ಕೆ ಏರಿ ಚುರುಕನ್ನು ಕೆಡಿಸುತ್ತದೆ, ಬೋರೋಸಿಲಿಕೇಟ್ ಆಗಬೇಕು. ತೇಲುವ ಪುಡಿಗಿಂತ ಹಲಗೆ ನಿಧಾನವೇ, ಆದರೆ ಸಂಜೆ ಸೋಸುವ ಕೆಲಸ ತಪ್ಪುತ್ತದೆ. ಗಡಸು ನೀರಿನಿಂದ ಹಲಗೆಯ ಮೇಲೆ ಬಿಳಿ ಪೊರೆ ಕಟ್ಟಿದರೆ ತೆಳು ಆಮ್ಲದಲ್ಲಿ ತೊಳೆದು ಮತ್ತೆ ಬಿಸಿಲಿಗೆ ಹಚ್ಚುತ್ತೇನೆ. ಜಿಂಕ್ ಆಕ್ಸೈಡ್ ಲೇಪವಾಗಿದ್ದರೆ ಆ ತೊಳೆತದಲ್ಲೇ ಕರಗಿ ಹೋಗುತ್ತಿತ್ತು. ಟೈಟಾನಿಯಂ ಡೈಆಕ್ಸೈಡ್ ತಡೆದುಕೊಳ್ಳುತ್ತದೆ.