ಇಥಾಕಾ ಅಥವಾ ಆಮ್‌ಹರ್ಸ್ಟ್: ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಬಗೆ

ಮೈಸೂರಿನ ಸರಸ್ವತೀಪುರಂ, ಕುವೆಂಪುನಗರದಂಥ ಬಡಾವಣೆಗಳಿಂದ ನ್ಯೂಜೆರ್ಸಿಗೋ ಬಾಸ್ಟನ್ನಿಗೋ ಮಗ ಅಥವಾ ಮಗಳ ಮನೆಗೆ ಹೋದ ತಂದೆತಾಯಿಗಳು, ದೊಡ್ಡ ಊರುಗಳನ್ನು ನೋಡಿ ಮುಗಿಸಿದ ಮೇಲೆ ಒಂದು ವಾರಾಂತ್ಯಕ್ಕೆ ಸಣ್ಣ ಕಾಲೇಜು ಊರೊಂದನ್ನು ಹುಡುಕುವುದುಂಟು. ಅಂಥವರಿಗೆ ನ್ಯೂಯಾರ್ಕ್ ರಾಜ್ಯದ ಇಥಾಕಾ ಮತ್ತು ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಎರಡೂ ತಕ್ಕ ಊರುಗಳೇ. ಆದರೆ ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಲು ಹೊರಟರೆ ದಿನವೆಲ್ಲ ಹೆದ್ದಾರಿಯಲ್ಲೇ ಕಳೆಯಬೇಕಾಗುತ್ತದೆ. ವಿಶ್ವವಿದ್ಯಾನಿಲಯದ ಹೆಸರು ಎಷ್ಟು ದೊಡ್ಡದೆಂದು ಅಳೆದು ಊರನ್ನು ಆರಿಸುವುದು ಸೀಟು ಬೇಕಾದವರ ಕೆಲಸ. ನೋಡಲು ಹೋಗುವವರು ವಿಚಾರಿಸಬೇಕಾದದ್ದು ಮೂರೇ ಸಂಗತಿ: ಹೋಗುವ ತಿಂಗಳು ಯಾವುದು, ಮಂಡಿಗಳು ಎಷ್ಟು ಗಟ್ಟಿಯಾಗಿವೆ, ಕಾರು ಓಡಿಸುವವರು ಜೊತೆಗಿರುತ್ತಾರೆಯೇ.

ತಿಂಗಳಿನ ಲೆಕ್ಕ ಮುಖ್ಯವಾಗುವುದು ಇಥಾಕಾಕ್ಕೆ. 1865ರಲ್ಲಿ ಸ್ಥಾಪನೆಯಾದ ಕಾರ್ನೆಲ್ ವಿಶ್ವವಿದ್ಯಾನಿಲಯವಿರುವ ಈ ಊರು ಕಯೂಗಾ ಸರೋವರದ ದಕ್ಷಿಣ ತುದಿಯಲ್ಲಿದೆ. ಸುತ್ತಲಿನ ಗುಡ್ಡಗಳಿಂದ ಇಳಿಯುವ ಹಳ್ಳಗಳು ಪದರಗಲ್ಲನ್ನು ಕೊರೆದು ಆಳವಾದ ಕಮರಿಗಳನ್ನೂ ಜಲಪಾತಗಳನ್ನೂ ಮಾಡಿವೆ. ನಮ್ಮ ಗಗನಚುಕ್ಕಿ ಮಳೆಗಾಲದಲ್ಲಿ ಭೋರ್ಗರೆದು ಬೇಸಿಗೆಯಲ್ಲಿ ಸೊರಗುವಂತೆ ಇಲ್ಲಿಯ ಜಲಪಾತಗಳಿಗೂ ಒಂದು ಕಾಲವಿದೆ. ವ್ಯತ್ಯಾಸವೆಂದರೆ ಅಲ್ಲಿ ನೀರು ತುಂಬುವುದು ಹಿಮ ಕರಗುವ ಏಪ್ರಿಲ್ ಸುಮಾರಿಗೆ, ಆಗಸ್ಟಿನ ಹೊತ್ತಿಗೆ ಕೆಲವು ಜಲಪಾತಗಳು ಬಂಡೆಯ ಮೇಲಿನ ತೆಳು ಧಾರೆಗಳಾಗಿ ಉಳಿದಿರುತ್ತವೆ. ಹಾಗಾದರೆ ಏಪ್ರಿಲ್‌ನಲ್ಲೇ ಹೋಗಬಾರದೇಕೆ ಎಂದರೆ, ಹಿಮ ಮತ್ತು ಉರುಳುವ ಕಲ್ಲುಗಳ ಭಯದಿಂದ ಚಳಿಗಾಲಕ್ಕೆ ಮುಚ್ಚಿದ ಕಮರಿಯ ದಾರಿಗಳಲ್ಲಿ ಹಲವು ಆಗಿನ್ನೂ ತೆರೆದಿರುವುದಿಲ್ಲ. ಮೇ ಕೊನೆಯಲ್ಲಿ ಕಾರ್ನೆಲ್‌ನ ಪದವಿ ಪ್ರದಾನ ಸಮಾರಂಭವಿರುವುದರಿಂದ ಆ ವಾರಾಂತ್ಯದಲ್ಲಿ ಹೋಟೆಲ್ ಕೋಣೆ ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ವಿಪರೀತ. ಆದ್ದರಿಂದ ಜಲಪಾತವೇ ಗುರಿಯಾಗಿದ್ದರೆ ಜೂನ್ ಮೊದಲರ್ಧವೇ ನನ್ನ ಆಯ್ಕೆ. ಅಕ್ಟೋಬರ್ ನಡುವಿನಲ್ಲಿ ಎಲೆಗಳ ಬಣ್ಣ ನೋಡಲು ಎರಡೂ ಊರುಗಳು ಚೆನ್ನ, ಎರಡೂ ಕಡೆ ಜನವೂ ಹೆಚ್ಚು.

ಎರಡನೆಯದು ಮಂಡಿಯ ಪ್ರಶ್ನೆ. ದಿನವೂ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುತ್ತೇವೆ, ನಮಗೇನು ಕಷ್ಟ ಎನ್ನುವವರು ಒಂದನ್ನು ಗಮನಿಸಬೇಕು: ಕೆರೆಯ ಏರಿ ಸಮತಟ್ಟು, ಇಥಾಕಾ ಹಾಗಲ್ಲ. ಕಾಮನ್ಸ್ ಎಂದು ಕರೆಯುವ ಪೇಟೆ ಕೆಳಗಿದೆ, ವಿಶ್ವವಿದ್ಯಾನಿಲಯ ಅದಕ್ಕಿಂತ ಸುಮಾರು 400 ಅಡಿ ಮೇಲಿದೆ. ನಡುವೆ ಇರುವ ಕ್ಯಾಸ್ಕಡಿಲ್ಲಾ ಕಮರಿಯ ದಾರಿ ಬಹುಪಾಲು ಕಲ್ಲಿನ ಮೆಟ್ಟಿಲು, ಜಲಪಾತದ ತುಂತುರಿಗೆ ಕೆಲವೆಡೆ ಅದು ಸದಾ ಒದ್ದೆ. ಚಪ್ಪಲಿಯಲ್ಲಿ ಹತ್ತುವ ಸಾಹಸ ಬೇಡ, ಹಿಡಿತವಿರುವ ಶೂ ಬೇಕು. ಸೀರೆ ಉಡುವವರು ಆ ಒಂದು ದಿನದ ಮಟ್ಟಿಗೆ ಸಲ್ವಾರ್ ಹಾಕಿಕೊಳ್ಳುವುದು ಮೇಲು. ಕ್ಯಾಂಪಸ್ಸಿನ ಕಮರಿಗಳಲ್ಲಿ ಈಜುವುದು ನಿಷಿದ್ಧವಾದದ್ದರಿಂದ ಮೊಮ್ಮಕ್ಕಳ ಮೇಲೆ ಕಣ್ಣಿರಲಿ.

ಆಮ್‌ಹರ್ಸ್ಟ್‌ನಲ್ಲಿ ಈ ಯಾವ ಏರಿಳಿತವೂ ಕಾಲನ್ನು ಅಷ್ಟು ದಣಿಸುವುದಿಲ್ಲ. ಊರ ನಡುವಿನ ಹುಲ್ಲುಬಯಲಿನಿಂದ ಕಾಲ್ನಡಿಗೆಯಲ್ಲೇ ಆಮ್‌ಹರ್ಸ್ಟ್ ಕಾಲೇಜಿಗೂ, ಕವಯಿತ್ರಿ ಎಮಿಲಿ ಡಿಕಿನ್ಸನ್ ಹುಟ್ಟಿ, 1886ರಲ್ಲಿ ತೀರಿಕೊಂಡ ಮನೆಗೂ ಹೋಗಬಹುದು. ಸುಮಾರು 1,800 ಕವಿತೆಗಳನ್ನು ಬರೆದು, ಬದುಕಿರುವಾಗ ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಅಚ್ಚಾದದ್ದನ್ನು ಕಂಡ ಆಕೆಯ ಕೋಣೆಯನ್ನು ನೋಡುವ ಆಸೆಯಿದ್ದರೆ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಬೇಕು. ಮಕ್ಕಳು ಜೊತೆಗಿದ್ದರೆ ಕಾಲೇಜಿನ ಬೆನೆಸ್ಕಿ ವಸ್ತುಸಂಗ್ರಹಾಲಯವನ್ನು ತಪ್ಪಿಸಬಾರದು. ಕನೆಕ್ಟಿಕಟ್ ನದಿ ಕಣಿವೆಯ ಕಲ್ಲುಗಳಲ್ಲಿ ಅಚ್ಚೊತ್ತಿದ ಡೈನೋಸಾರ್ ಹೆಜ್ಜೆಗಳು ಅಲ್ಲಿ ಚಪ್ಪಡಿ ಚಪ್ಪಡಿಯಾಗಿ ನಿಂತಿವೆ, ಪ್ರವೇಶ ಉಚಿತ.

ಕಾರಿಲ್ಲದವರಿಗೂ ಆಮ್‌ಹರ್ಸ್ಟ್ ಅನುಕೂಲ. ಬಾಸ್ಟನ್ನಿನಿಂದ ಅದು ಸುಮಾರು 90 ಮೈಲಿ. ನ್ಯೂಯಾರ್ಕ್ ಕಡೆಯಿಂದ ಬರುವವರು ಪಕ್ಕದ ನಾರ್ತಾಂಪ್ಟನ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು. ಈ ಕಡೆಯ ಹಲವು ಬಸ್ಸುಗಳನ್ನು ಓಡಿಸುವವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ ಎಂಬುದು ನಮಗೆ ಸೋಜಿಗವೆನಿಸುತ್ತದೆ. ಆದರೆ ಕಾಲೇಜಿಗೆ ರಜೆಯಿದ್ದಾಗ ಬಸ್ಸುಗಳೂ ಕಡಿಮೆಯಾಗುವುದರಿಂದ ಆ ದಿನಗಳ ವೇಳಾಪಟ್ಟಿಯನ್ನೇ ತೆಗೆದು ನೋಡಬೇಕು. ಇಥಾಕಾಕ್ಕೆ ಪ್ರಯಾಣಿಕರ ರೈಲೇ ಇಲ್ಲ. ನ್ಯೂಯಾರ್ಕಿನಿಂದ ಬಸ್ಸಿನಲ್ಲಿ ಸುಮಾರು ಐದು ಗಂಟೆ ಹಿಡಿಯುತ್ತದೆ, ಊರಾಚೆಯ ಜಲಪಾತಗಳಿಗೆ ಕಾರಿದ್ದರೇ ಸುಲಭ. ಎರಡು ರಾತ್ರಿಯಷ್ಟೇ ಬಿಡುವಿದ್ದು ಕಾರೂ ಇಲ್ಲದಿದ್ದರೆ ಇಥಾಕಾದ ಯೋಚನೆಯನ್ನು ಕೈಬಿಡುವುದೇ ಸರಿ.

ಊಟದ ವಿಷಯದಲ್ಲಿ ಎರಡು ಊರುಗಳೂ ಸಸ್ಯಾಹಾರಿಗಳನ್ನು ಉಪವಾಸ ಕೆಡವುವುದಿಲ್ಲ. ಇಥಾಕಾದಲ್ಲಂತೂ 1973ರಲ್ಲಿ ಶುರುವಾದ ಮೂಸ್‌ವುಡ್ ಎಂಬ ರೆಸ್ಟೋರೆಂಟ್ ಸಸ್ಯಾಹಾರಕ್ಕೇ ಹೆಸರಾದದ್ದು. ಆದರೂ ಸೂಪಿಗೆ ಏನು ಹಾಕಿದ್ದಾರೆಂದು ಎಲ್ಲೇ ಆದರೂ ಕೇಳಿಯೇ ತರಿಸಿಕೊಳ್ಳಬೇಕು.

ಯಜಮಾನರಿಗೆ ಜಲಪಾತ ನೋಡುವ ಹಟ, ಮನೆಯವರಿಗೆ ಮಂಡಿನೋವು ಎನ್ನುವ ಸಂಸಾರಗಳೂ ಇವೆ. ಕಾರಿದ್ದರೆ ಅವರು ಇಥಾಕಾಕ್ಕೇ ಹೋಗಲಿ, ಮೆಟ್ಟಿಲಿನ ಕಮರಿಗಳನ್ನು ಮಾತ್ರ ಬಿಡಲಿ. ಊರಿನ ಉತ್ತರಕ್ಕಿರುವ ಟಗ್ಯಾನಕ್ ಜಲಪಾತ 215 ಅಡಿ, ಎತ್ತರದಲ್ಲಿ ನಯಾಗರವನ್ನೂ ಮೀರಿಸಿದ್ದು. ಅದರ ಬುಡದತ್ತ ಹೋಗುವ ದಾರಿ ಮುಕ್ಕಾಲು ಮೈಲಿಯಷ್ಟೇ, ಹೆಚ್ಚುಕಡಿಮೆ ಸಮತಟ್ಟು. ಬೆಳಗ್ಗೆ ಅದನ್ನು ಮುಗಿಸಿ, ಮಧ್ಯಾಹ್ನ ಕಾರ್ನೆಲ್‌ನ ಜಾನ್ಸನ್ ಕಲಾ ವಸ್ತುಸಂಗ್ರಹಾಲಯಕ್ಕೆ ಹೋದರೆ ಅಲ್ಲಿ ಪ್ರವೇಶ ಉಚಿತ, ಲಿಫ್ಟ್ ಇದೆ, ಐದನೆಯ ಮಹಡಿಯ ಕಿಟಕಿಯಿಂದ ಕೆಳಗಿನ ಊರೂ ಸರೋವರವೂ ಒಟ್ಟಿಗೆ ಕಾಣುತ್ತವೆ.