‘ರನ್’ ಅಂದ್ರೆ ಬರೀ ಓಟ ಅಲ್ಲ: ಒಂದು ಪದದ ನೂರಾರು ಅರ್ಥ ಹಿಡಿಯೋದು ಹೇಗೆ?

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರೋ ಪದ ಅಂದ್ರೆ ಯಾವುದೋ ನಾಲಿಗೆ ಹೊರಳದ ಉದ್ದನೆ ಪದ ಇರಬೇಕು ಅಂದ್ಕೋತೀವಿ. ಅಲ್ವೇ ಅಲ್ಲ, ಯುಕೆಜಿ ಮಕ್ಕಳಿಗೂ ಗೊತ್ತಿರೋ ‘ರನ್’. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕ ಪೀಟರ್ ಗಿಲಿವರ್ ಇದೊಂದರ ಮೇಲೆ 9 ತಿಂಗಳು ಕೂತು, ಬರೀ ಕ್ರಿಯಾಪದಕ್ಕೇ 645 ಅರ್ಥ ಲೆಕ್ಕ ಹಾಕಿದ್ರು. 1989ರ ಆವೃತ್ತಿವರೆಗೂ ‘ಸೆಟ್’ ಮುಂದಿತ್ತು, ಅದನ್ನ ಇದು ಹಿಂದೆ ಹಾಕ್ತು. ಇಷ್ಟನ್ನೂ ಉರು ಹೊಡೆಯೋಕೆ ಹೋಗ್ಬೇಡಿ, ಇಂಗ್ಲಿಷರಿಗೂ ಅಷ್ಟು ನೆನಪಿರಲ್ಲ. ಹೀಗೆ ಮಾಡಿ.

ಸ್ಟೆಪ್ 1: ‘ರನ್’ ಆಗ್ತಿರೋದು ಏನು ನೋಡಿ

ನಾಯಿ ಆದ್ರೆ ಓಡ್ತಿದೆ, ಅಷ್ಟೇ. ಮೂಗು ಆದ್ರೆ ಸೋರ್ತಿದೆ, ನದಿ ಆದ್ರೆ ಹರೀತಿದೆ, ಒಗೆಯೋಕೆ ಹಾಕಿದ ಹೊಸ ಬಟ್ಟೆಯ ಬಣ್ಣ ಆದ್ರೆ ಬಿಡ್ತಿದೆ. ತೊಂದರೆ ಶುರುವಾಗೋದು ಎಲ್ಲಿ ಅಂದ್ರೆ ನಮ್ಮಲ್ಲೂ ಸಿನಿಮಾ ನೂರು ದಿನ ಓಡುತ್ತೆ, ಗಾಡಿ ಓಡುತ್ತೆ, ಬೆಳಗ್ಗೆ ಕಾಫಿ ಕುಡೀದಿದ್ರೆ ತಲೆ ಓಡಲ್ಲ, ಹಾಗಾಗಿ ಎಲ್ಲಾ ಕಡೆ ‘ಓಡು’ ಹಾಕಿದ್ರೆ ನಡೆಯುತ್ತೆ ಅನ್ನೋ ಧೈರ್ಯ ಬಂದ್ಬಿಡುತ್ತೆ. ಡಯಾಬಿಟಿಸ್ ‘ರನ್ಸ್ ಇನ್ ದ ಫ್ಯಾಮಿಲಿ’ ಅಂದ್ರೆ ಸಕ್ಕರೆ ಕಾಯಿಲೆ ಮನೆ ತುಂಬಾ ಓಡಾಡ್ತಿಲ್ಲ, ವಂಶದಲ್ಲೇ ಬಂದಿದೆ.

ಸ್ಟೆಪ್ 2: ಏನನ್ನ ‘ರನ್’ ಮಾಡ್ತಿದಾರೆ?

ಹೋಟೆಲ್ ರನ್ ಮಾಡೋದು ಅಂದ್ರೆ ನಡೆಸೋದು. ‘ರನ್ ಎ ಫೀವರ್’ ಅಂದ್ರೆ ಜ್ವರ ಬಂದಿದೆ. ‘ರನ್ ಎ ರೆಡ್ ಲೈಟ್’ ಅಂದ್ರೆ ನಾವು ಹೇಳೋ ಸಿಗ್ನಲ್ ಜಂಪ್. ನನಗೆ ಮಜಾ ಅನ್ಸೋದು ಚುನಾವಣೆ ವಿಷಯ. ಅಮೆರಿಕದಲ್ಲಿ ಅಭ್ಯರ್ಥಿ ಎಲೆಕ್ಷನ್‌ಗೆ ‘ರನ್’ ಮಾಡ್ತಾನೆ, ಬ್ರಿಟನ್‌ನಲ್ಲಿ ‘ಸ್ಟ್ಯಾಂಡ್’ ಮಾಡ್ತಾನೆ, ನಮ್ಮಲ್ಲೂ ಎಲೆಕ್ಷನ್‌ಗೆ ನಿಲ್ಲೋದೇ (ಗೆದ್ದ ಮೇಲೆ ಓಡಿಹೋಗೋದು ಬೇರೆ ಮಾತು).

ಸ್ಟೆಪ್ 3: ಬಾಲ ಹಿಡೀರಿ

‘ರನ್’ ಹಿಂದೆ ಅಂಟಿಕೊಂಡು ಬರೋ ಪುಟ್ಟ ಪದದಲ್ಲೇ ಅರ್ಧ ಅರ್ಥ ಇರೋದು, ಇಲ್ಲಿ ಸ್ವಲ್ಪ ಟೈಮ್ ಕೊಡಿ. ‘ರನ್ ಔಟ್’ ತಗೊಳ್ಳಿ, ಕ್ರಿಕೆಟ್ ನೋಡೋರಿಗೆಲ್ಲಾ ಗೊತ್ತು. ಆದ್ರೆ ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ‘ವಾಸ್ ರನ್ ಔಟ್’, ಅಂದ್ರೆ ಬೇರೆಯವರು ಔಟ್ ಮಾಡಿದ್ರು. ಡಬ್ಬದಲ್ಲಿ ಸಕ್ಕರೆ ಮುಗಿದ್ರೆ ‘ದ ಶುಗರ್ ಹ್ಯಾಸ್ ರನ್ ಔಟ್’, ತಾನಾಗೇ ಖಾಲಿ ಆಯ್ತು. ಅದನ್ನೇ ನಮ್ಮ ಕಡೆಯಿಂದ ಹೇಳಿದ್ರೆ ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’, ಆ ‘ಆಫ್’ ಬಿಟ್ರೆ ಕೆಡ್ತು. ಮತ್ತೆ ಇಲ್ಲಿ ‘ಹ್ಯಾಸ್ ರ‍್ಯಾನ್’ ಅನ್ನೋರು ತುಂಬಾ ಜನ, ‘ಹ್ಯಾಸ್ ರನ್’ ಅನ್ನೋದೇ ಸರಿ.

‘ರನ್ ಇನ್‌ಟು’ ಫ್ರೆಂಡ್ ಆದ್ರೆ ದಾರೀಲಿ ಅಚಾನಕ್ಕಾಗಿ ಸಿಕ್ಕ, ಕಂಬ ಆದ್ರೆ ಗುದ್ದಿದ್ವಿ. ‘ರನ್ ಓವರ್’ ಅಂದ್ರೆ ಮೈಮೇಲೆ ಗಾಡಿ ಹರಿಯೋದು, ಮೀಟಿಂಗ್ ‘ರನ್ ಓವರ್’ ಆದ್ರೆ ಬರೀ ಟೈಮ್ ಮೀರೋದು. ಬ್ಯಾಟರಿ ‘ರನ್ ಡೌನ್’ ಆದ್ರೆ ಚಾರ್ಜ್ ಇಳೀತು, ಯಾರನ್ನೋ ‘ರನ್ ಡೌನ್’ ಮಾಡಿದ್ರೆ ಅವರನ್ನ ಹೀಯಾಳಿಸಿದ್ರು.

ಸ್ಟೆಪ್ 4: ‘ರನ್’ಗಿಂತ ಮೊದಲು ‘ಎ’ ಅಥವಾ ‘ದ’ ಇದೆಯಾ?

ಇದ್ರೆ ಬಹುಶಃ ಅದು ನಾಮಪದ. ‘ಎ ರನ್ ಆನ್ ದ ಬ್ಯಾಂಕ್’ ಅಂದ್ರೆ ಬ್ಯಾಂಕ್ ಮುಳುಗುತ್ತೆ ಅಂತ ಹೆದರಿ ಎಲ್ಲರೂ ಒಟ್ಟಿಗೆ ದುಡ್ಡು ತೆಗೆಯೋಕೆ ಮುಗಿಬೀಳೋದು. ‘ದ ರನ್ಸ್’ ಅಂದ್ರೆ ಮಾತ್ರ ಸ್ಕೋರ್ ಕೇಳ್ಬೇಡಿ, ಅವರಿಗೆ ಲೂಸ್ ಮೋಷನ್ ಆಗಿದೆ.

ಸ್ಟೆಪ್ 5: ನೋಟ್‌ಬುಕ್‌ನಲ್ಲಿ ಪೂರ್ತಿ ವಾಕ್ಯ ಬರೀರಿ

‘ರನ್ = ಓಡು’ ಅಂತ ಬರೆದಿಟ್ಕೊಂಡ್ರೆ ಉಪಯೋಗ ಇಲ್ಲ. ಸಿಕ್ಕ ವಾಕ್ಯ ಇದ್ದ ಹಾಗೇ ಬರೆದು, ಪಕ್ಕದಲ್ಲಿ ಅದೇ ಸಂದರ್ಭದಲ್ಲಿ ಮನೇಲಿ ಏನಂತೀವೋ ಅದನ್ನ ಬರೀರಿ. ಇದನ್ನ ಟ್ರೈ ಮಾಡಿ ನೋಡಿ: ‘ಐ ಆಮ್ ರನ್ನಿಂಗ್ ಲೇಟ್’. ‘ಲೇಟಾಗಿ ಓಡ್ತಿದೀನಿ’ ಅಂತ ಬರೆದಿದ್ರೆ ಹೊಡೆದುಹಾಕಿ, ‘ಬರೋದು ಲೇಟಾಗುತ್ತೆ’ ಅಂತ ಬರ್ಕೊಳ್ಳಿ.